ಒಂದಕ್ಕೆ ಮೂರು ಸೀರೆ

ಗುಂಡ್ಲುಪೇಟೆಯಲ್ಲಿ ನಮ್ಮದೊಂದು ಜವಳಿ ಅಂಗಡಿ ಇತ್ತು. ಈಗ ಅಲ್ಲಿ ಬರೀ ರಸ್ತೆ. ಊಟಿಗೆ ಹೋಗುವ ಕಾರುಗಳು ನಮ್ಮಪ್ಪ ಕೂತು ಪಂಚೆ ಅಳೆಯುತ್ತಿದ್ದ ಜಾಗದ ಮೇಲೆಯೇ ಹಾರನ್ ಹೊಡೆಯುತ್ತ ಹೋಗುತ್ತವೆ. ರಸ್ತೆ ಅಗಲ ಮಾಡಿದವರ ಮೇಲೆ ನನಗೆ ಸಿಟ್ಟೇನಿಲ್ಲ, ರಸ್ತೆ ಬೇಕೇ ಇತ್ತು. ಆದರೂ ಬಸ್ಸಿನಲ್ಲಿ ಆ ಕಡೆ ಹೋಗುವಾಗ ನಾನು ಕಿಟಕಿ ಪಕ್ಕ ಕೂರುವುದಿಲ್ಲ.

ಅಂಗಡಿ ಎಂದರೆ ಏನು ಮಹಾ. ಮೂರು ಮೆಟ್ಟಿಲು ಹತ್ತಿದರೆ ಬಿಳಿ ಬಟ್ಟೆ ಹಾಸಿದ ಹಾಸಿಗೆ, ಗಿರಾಕಿಗಳು ಅದರ ಮೇಲೆ ಕಾಲು ಮಡಚಿ ಕೂರಬೇಕು. ಹಿಂದಿನ ಗೋಡೆಗೆ ಮರದ ಬೀರು, ಅದರ ತುಂಬ ನೂಲಿನ ಸೀರೆ, ಪಂಚೆ, ಟವೆಲ್ಲು, ಶಾಲೆ ಮಕ್ಕಳ ಯೂನಿಫಾರಂ ಬಟ್ಟೆ, ರವಿಕೆ ಪೀಸು. ಬೀರು ತೆಗೆದರೆ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅಪ್ಪ ಬಟ್ಟೆಯನ್ನು ಮೀಟರ್ ಕಡ್ಡಿಯಲ್ಲಿ ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಚೂರು ಗಾಯ ಮಾಡಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಿದ್ದರು. ಚಿಕ್ಕವಳಿದ್ದಾಗ ಆ ಸದ್ದು ಒಂದೇ ಸಮನೆ ಕೇಳಲು ಶುರುವಾಯಿತೆಂದರೆ ದೀಪಾವಳಿ ಹತ್ತಿರ ಬಂತು ಅಂತಲೇ ಅರ್ಥ. ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ.

ಅಪ್ಪನಿಗೆ ಒಂದು ಚಾಳಿ. ಯಾರೇ ಬಂದು ಸೀರೆ ಕೇಳಲಿ, ಬೀರುವಿನ ಕಡೆ ಕೈ ಚಾಚುವ ಮೊದಲು, "ಹಳೇದು ಏನಾಯ್ತವ್ವ?" ಎಂದು ಕೇಳುತ್ತಿದ್ದರು. ವ್ಯಾಪಾರ ಮಾಡುವವನು ಕೇಳುವ ಮಾತೇ ಅದು? ಹಳೆಯದು ಗಟ್ಟಿಯಾಗಿದೆ ಎಂದು ಯಾರಾದರೂ ಹೇಳಿದರೆ, "ಅಂಗಾರೆ ಮುಂದಿನ್ ವರ್ಸ ಬಾ" ಎಂದು ಕಳಿಸಿಬಿಟ್ಟದ್ದೂ ಉಂಟು. ಪೇಟೆಯ ಉಳಿದ ಜವಳಿಯವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಕಂಡರೆ, "ಹಳೇದು ಏನಾಯ್ತೆ?" ಎಂದು ರೇಗಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಹಳ್ಳಿಯಿಂದ ಬರುವ ಹೆಂಗಸರಿಗೆ ಆ ಪ್ರಶ್ನೆ ಇಷ್ಟ. ಅದಕ್ಕೆ ಉತ್ತರ ಹೇಳುವುದಕ್ಕೆಂದೇ ಅವರು ಪುರುಸೊತ್ತು ಮಾಡಿಕೊಂಡು ಬರುತ್ತಿದ್ದರೇನೋ. ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಳ್ಳಿಯಿಂದ ಒಬ್ಬ ಅಜ್ಜಿ ಬರುತ್ತಿದ್ದಳು. ಚೆಂಡುಹೂ ಬೆಳೆಯುವ ಮನೆ, ಬೆರಳಿನ ಸಂದಿಯಲ್ಲೆಲ್ಲ ಹೂವಿನ ಹಳದಿ. ವರ್ಷಕ್ಕೆ ಒಂದು ಸೀರೆ, ದೀಪಾವಳಿಗೆ, ನಮ್ಮಲ್ಲೇ. ಅಪ್ಪ ಕೇಳಿದ ಕೂಡಲೇ ಅವಳು ಎಲೆಅಡಿಕೆ ಚೀಲ ಬಿಚ್ಚಿ ಹಾಸಿಗೆಯ ಮೇಲೆ ಸರಿಯಾಗಿ ಕೂರುತ್ತಿದ್ದಳು.

"ಹಳೇದಾ? ಅದ್ರ ಕತ ಏನ್ ಕೇಳೀರಿ ಸಾವ್ಕಾರ್ರೆ. ಎಮ್ಮ ಕೊಂಬ್ಗ ಸಿಕ್ಕಿ ಸೆರಗು ಹರ್ದೋಯ್ತು. ಉಳ್ದಿದ್ನ ಮಗಳ ಬಾಣಂತನಕ್ಕ ತೊಟ್ಲು ಕಟ್ಬುಟ್ಟೆ. ಕೂಸು ಈಗ ನಡೀತದ. ತೊಟ್ಲು ಬಿಚ್ಚಿ ಎಲ್ಡು ಮಸಿಬಟ್ಟ ಮಾಡ್ಕಂಡಿವ್ನಿ."

"ಮತ್ತ ಸೆರಗು?"

"ಬತ್ತಿ ಒಸ್ದು ಮಡಗಿವ್ನಿ. ಕಾರ್ತೀಕ ಪೂರ್ತಿ ಆಯ್ತದ."

ಅಪ್ಪನ ಮುಖ ಆಗ ನೋಡಬೇಕಿತ್ತು. ತಾನು ಮದುವೆ ಮಾಡಿ ಕಳಿಸಿದ ಮಗಳು ಅತ್ತೆ ಮನೆಯಲ್ಲಿ ಚೆನ್ನಾಗಿದ್ದಾಳೆ ಎಂದು ಕೇಳಿದವರ ಹಾಗೆ. ಸೀರೆಯನ್ನು ಹಳೇ ನ್ಯೂಸ್ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಆ ಪೇಪರು, ಆ ದಾರ ಎರಡನ್ನೂ ಅಜ್ಜಿ ಬಿಸಾಡುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲೂ ಅದೇ ಪಾಡು. ಅವ್ವನ ಹಬ್ಬದ ಸೀರೆ ಎರಡು ವರ್ಷ ಕಳೆದ ಮೇಲೆ ದಿನದ ಸೀರೆ, ಅದು ಜಾಳಾದ ಮೇಲೆ ನಮಗೆ ಹೊದಿಕೆ. ನಾಲ್ಕು ಸೀರೆ ಸೇರಿಸಿ ಅವ್ವ ಹೊಲಿದ ಹೊದಿಕೆಯಲ್ಲಿ ಅಕ್ಕನೂ ನಾನೂ ಮಲಗಿ, ಇದು ಯಾವ ಹಬ್ಬದ್ದು, ಇದು ಯಾರ ಮದುವೆಯದ್ದು ಎಂದು ಬೆರಳಿಟ್ಟು ಗುರುತು ಹಿಡಿಯುತ್ತಿದ್ದೆವು. ಆಗ ನನಗೆ ಅದು ಬಡತನದ ಹಾಗೆ ಕಾಣುತ್ತಿತ್ತು. ಅಂಥ ಬೆಚ್ಚನೆಯ ಹೊದಿಕೆ ಮತ್ತೆ ನನಗೆ ಎಲ್ಲೂ ಸಿಗಲಿಲ್ಲ ಎಂಬುದನ್ನು ಈಗ ಹೇಳಿ ಏನು ಪ್ರಯೋಜನ.

ಡಿಗ್ರಿಗೆ ನಾನು ಚಾಮರಾಜನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಅಲ್ಲಿ ಒಂದು ದೊಡ್ಡ ಬಟ್ಟೆ ಅಂಗಡಿ ಶುರುವಾಯಿತು. ಗಾಜಿನ ಬಾಗಿಲು, ಸೀರೆ ಉಟ್ಟು ನಿಂತ ಬೊಂಬೆಗಳು, ಒಳಗೆ ಫ್ಯಾನಿನ ಬದಲು ತಣ್ಣನೆ ಗಾಳಿ. ಆಷಾಢಕ್ಕೆ ಒಂದು ಸೇಲು, ಗೌರಿ ಹಬ್ಬಕ್ಕೆ ಒಂದು, ದಸರೆಗೆ ಒಂದು, ದೀಪಾವಳಿಗೆ ಎಲ್ಲಕ್ಕಿಂತ ದೊಡ್ಡದು. ಗುಂಡ್ಲುಪೇಟೆಯಿಂದ ಹೆಂಗಸರು ಗುಂಪು ಕಟ್ಟಿಕೊಂಡು ಬಸ್ಸು ಹತ್ತತೊಡಗಿದರು. ವಾಪಸ್ಸು ಬರುವಾಗ ಅವರ ಮಡಿಲಲ್ಲಿ ಉಬ್ಬಿದ ಕವರುಗಳು. ಅದೇ ಬಸ್ಸಿನಲ್ಲಿ ನಾನೂ ಇರುತ್ತಿದ್ದೆ. ನನ್ನನ್ನು ನೋಡಿ ಕೆಲವರು ಕವರನ್ನು ಸೀಟಿನ ಕೆಳಗೆ ತಳ್ಳುತ್ತಿದ್ದರು. ಅದು ನನಗೆ ಇನ್ನಷ್ಟು ಅವಮಾನ ಅನಿಸುತ್ತಿತ್ತು.

ಈಗ ನನ್ನ ಆಸೆ ಏನಿತ್ತು ಎಂದು ಹೇಳಿಬಿಡಬೇಕು. ನನಗೆ ಅಪ್ಪನ ಅಂಗಡಿ ಬೇಕಿತ್ತು. ಅಕ್ಕ ಮದುವೆಯಾಗಿ ನಂಜನಗೂಡಿಗೆ ಹೋಗಿದ್ದಳು, ಗಂಡುಮಕ್ಕಳಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ತಮ್ಮ ಅಂಗಡಿ ದೊಡ್ಡದು ಮಾಡಬೇಕೆಂದು ನಮ್ಮದನ್ನು ಕೇಳುತ್ತಲೇ ಇದ್ದರು. ಅಪ್ಪ ಕೊಡುತ್ತೇನೆ ಅನ್ನುತ್ತಿರಲಿಲ್ಲ, ಕೊಡುವುದಿಲ್ಲ ಎಂದೂ ಅನ್ನುತ್ತಿರಲಿಲ್ಲ. ಮಗಳು ಗಲ್ಲಾದ ಮುಂದೆ ಕೂರುವುದು ನಮ್ಮ ಕಡೆ ಯಾರ ತಲೆಗೂ ಹೊಳೆಯದ ವಿಚಾರ. ಡಿಗ್ರಿ ಮುಗಿದ ವರ್ಷ ನಾನೇ ಬಾಯಿ ಬಿಟ್ಟು ಕೇಳಿದೆ.

"ಅಂಗ್ಡಿ ಮಾರ್ಬ್ಯಾಡಿ ಅಪ್ಪ. ನಾನು ನಡೆಸ್ತೀನಿ."

"ಏನ್ ಮಾಡಿ ನಡೆಸ್ತೀಯ ಕೂಸೆ?"

"ದೀಪಾವಳಿಗ ನಾವೂ ಸೇಲು ಆಕನ. ಒಂದಕ್ಕ ಮೂರು. ಜನ ಚಾಮರಾಜನಗರಕ್ಕ ಯಾಕ್ ಓದಾರು?"

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಒಂದು ಬೇಕು ಅಂತ ಬಂದೋಳ್ಗ ಮೂರು ಯಾಕ್ ಕೊಡ್ಬೇಕು?" ಎಂದು ಕೇಳಿದರು. ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಆಯ್ತು ಬುಡು. ಈ ದೀಪಾವಳಿ ಒಂದು ನಿನ್ ಕೈಗ ಬುಡ್ತೀನಿ. ನಡೆಸಿ ತೋರ್ಸು. ಆಮೇಲ ನೋಡನ" ಎಂದರು. ನಾನು ಒಂದು ಷರತ್ತು ಹಾಕಿದೆ: ಸೇಲು ಮುಗಿಯುವ ತನಕ ಅವರು ಯಾರಿಗೂ ಆ ಹಳೇದರ ಪ್ರಶ್ನೆ ಕೇಳಕೂಡದು. ಅಪ್ಪ ಅದಕ್ಕೂ ಒಪ್ಪಿದರು. ಅವ್ವ ಮಾತ್ರ ಒಳಗಿನಿಂದ, "ಬಾಯಿಗೆ ಬೀಗ ಆಕ್ಬುಟ್ಳು ನಮ್ ಕೂಸು" ಎಂದು ನಕ್ಕಳು.

ಮಾಲು ಈರೋಡಿನಿಂದ ಬಂತು. ಸತ್ಯಮಂಗಲದ ಘಾಟಿ ಹತ್ತಿ ಪುಣಜನೂರಿನ ಮೇಲೆ ಬಂದ ಲಾರಿ ಚಾಮರಾಜನಗರದಲ್ಲಿ ಮೂಟೆ ಇಳಿಸಿತು, ಅಲ್ಲಿಂದ ಟೆಂಪೋದಲ್ಲಿ ನಾನೇ ತಂದೆ. ಪಾಲಿಯೆಸ್ಟರ್ ಸೀರೆಗಳು. ಕಣ್ಣು ಕುಕ್ಕುವ ಕೆಂಪು, ನೇರಳೆ, ಅರಗಿಳಿ ಹಸಿರು, ಅಂಚಿಗೆ ಬಂಗಾರದ ಮಿಂಚು. ಮಾಲು ಕೊಟ್ಟ ಈರೋಡಿನ ಏಜೆಂಟು ಒಂದು ಮಾತು ಹೇಳಿ ಹೋಗಿದ್ದ: ಮಾರಾಟವಾಗದೆ ಉಳಿದರೆ, ಸೀರೆ ಕೊಳೆಯಾಗದೆ ಮಡಿಕೆ ಮುರಿಯದೆ ಇದ್ದರೆ, ವಾಪಸ್ ತೆಗೆದುಕೊಳ್ಳುತ್ತೇವೆ. ಅಷ್ಟು ಧೈರ್ಯ ನನಗೆ ಸಾಕಾಗಿತ್ತು. ಅಂಗಡಿ ಮುಂದೆ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದೆ. ನ್ಯೂಸ್ ಪೇಪರು, ದಾರ ಎಲ್ಲ ಅಟ್ಟಕ್ಕೆ ಹೋಯಿತು. ಅಂಗಡಿಗೆ ಇಟ್ಟಿದ್ದ ತಾತನ ಹೆಸರನ್ನು ಕೆಂಪಕ್ಷರದಲ್ಲಿ ಮುದ್ರಿಸಿದ ಪ್ಲಾಸ್ಟಿಕ್ ಕವರು ಕಟ್ಟುಗಟ್ಟಲೆ ಬಂದವು. ಸೇಲಿನ ಮಾಲು ವಾಪಸ್ ಇಲ್ಲ ಎಂದು ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ತೂಗುಹಾಕಿದೆ.

ಆ ವಾರವನ್ನು ನಾನು ಹೇಗೆ ಮರೆಯಲಿ. ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಬಂಡೀಪುರದ ಕಡೆಯವರು, ತೆರಕಣಾಂಬಿಯ ಕಡೆಯವರು, ಸುಲ್ತಾನ್ ಬತ್ತೇರಿಯ ಬಸ್ಸು ಕಾಯುತ್ತಿದ್ದ ಮಲಯಾಳಿ ಹೆಂಗಸರು ಕೂಡ. ಹಾಸಿಗೆ ಮೇಲೆ ಯಾರೂ ಕೂರುತ್ತಿರಲಿಲ್ಲ, ನಿಂತೇ ಎಳೆದಾಡಿ ಆರಿಸಿಕೊಳ್ಳುತ್ತಿದ್ದರು. ಪರ್ರೆಂಬ ಸದ್ದೇ ಇಲ್ಲ, ಎಲ್ಲ ಕತ್ತರಿಸಿ ಮಡಿಸಿ ಬಂದ ಮಾಲು. ಅಪ್ಪ ಒಂದು ಮೂಲೆಯಲ್ಲಿ ಮೀಟರ್ ಕಡ್ಡಿ ತೊಡೆ ಮೇಲೆ ಇಟ್ಟುಕೊಂಡು, ನೆಂಟರ ಮನೆಗೆ ಬಂದವರ ಹಾಗೆ ಕೂತಿದ್ದರು. ನನಗೆ ಅವರ ಕಡೆ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಬೆಟ್ಟದ ಕೆಳಗಿನ ಅಜ್ಜಿಯೂ ಬಂದಳು. ಅಭ್ಯಾಸದಂತೆ ಅಪ್ಪನ ಎದುರು ಎಲೆಅಡಿಕೆ ಚೀಲ ಬಿಚ್ಚಿದಳು. ಅಪ್ಪ ನನ್ನ ಮುಖ ನೋಡಿ ಸುಮ್ಮನಾದರು. ಅಜ್ಜಿ ಸ್ವಲ್ಪ ಹೊತ್ತು ಕಾದು, ಏನೂ ಕೇಳದಿದ್ದಾಗ ಚೀಲ ಕಟ್ಟಿಕೊಂಡು ಎದ್ದಳು. ನಾನು ಅವಳ ಕೈಗೆ ಮೂರು ಸೀರೆಯ ಕವರು ಕೊಟ್ಟೆ. "ಮೂರು ತಕಂಡು ನಾನೇನ್ ಮಾಡ್ಲವ್ವ?" ಎಂದಳು. "ಉಟ್ಕೊ ಅಜ್ಜಿ, ಒಂದಾದ್ಮೇಲೆ ಒಂದು" ಎಂದು ನಕ್ಕು ಮುಂದಿನವರ ಕಡೆ ತಿರುಗಿದೆ.

ನಮ್ಮ ಕಡೆ ಹೊಸ ಬಟ್ಟೆಯನ್ನು ಹಾಗೆಯೇ ಉಡುವುದಿಲ್ಲ. ಮನೆಗೆ ಬಂದ ಹೊಸ ಬಟ್ಟೆಯ ಮೂಲೆಗೆ ನೆನೆಸಿದ ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟು, ಆಮೇಲೆ ಉಡಬೇಕು. ಹಬ್ಬದ ದಿನ ಮನೆಯಲ್ಲಿ ಅರಿಶಿನ ಕಾಣದ ಹೊಸ ಬಟ್ಟೆ ಇರಕೂಡದು, ಅದು ದೇವರಿಂದ ಬಚ್ಚಿಟ್ಟ ಹಾಗೆ. ಅರಿಶಿನ ಬೆಳೆಯುವ ಸೀಮೆ ನಮ್ಮದು, ಹಚ್ಚುವುದಕ್ಕೆ ಜಿಪುಣತನವೂ ಇಲ್ಲ. ಇದೆಲ್ಲ ನನಗೆ ಗೊತ್ತಿರದ ವಿಷಯವೇ? ನನ್ನ ಪ್ರತಿ ಹೊಸ ಲಂಗಕ್ಕೂ ಅವ್ವ ಹಚ್ಚಿಯೇ ಕೊಟ್ಟಿದ್ದಳು. ಆದರೆ ಮಾಲು ಕೊಳೆಯಾಗದಿದ್ದರೆ ವಾಪಸ್ ಎಂದು ಏಜೆಂಟು ಹೇಳಿದಾಗ, ಆ ದೀಪಾವಳಿಯ ಬೆಳಿಗ್ಗೆ ತಾಲ್ಲೂಕಿನ ಅಷ್ಟೂ ಮನೆಗಳಲ್ಲಿ ಎಣ್ಣೆ ಸ್ನಾನ ಮುಗಿಸಿದ ಹೆಂಗಸರು ಉಡುವ ಒಂದು ಸೀರೆಗಲ್ಲ, ಮೂರಕ್ಕೂ ಅರಿಶಿನ ಹಚ್ಚುತ್ತಾರೆ ಎಂಬುದು ನನ್ನ ಓದಿದ ತಲೆಗೆ ಹೊಳೆಯಲೇ ಇಲ್ಲ.

ಹಬ್ಬ ಕಳೆದು ನಾಲ್ಕನೇ ದಿನ. ಅಪ್ಪ ಪುಣಜನೂರಿನಲ್ಲಿದ್ದ ಅತ್ತೆಯ ಮನೆಗೆ ಕಾರ್ತೀಕದ ಪೂಜೆಗೆಂದು ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಬೆಟ್ಟದ ಕೆಳಗಿನ ಅಜ್ಜಿ ಬಂದು ಮೆಟ್ಟಿಲ ಕೆಳಗೇ ನಿಂತಳು. ಕೈಯಲ್ಲಿ ನಮ್ಮ ಕವರು. ಮೇಲೆ ಬಾ ಎಂದರೂ ಬರಲಿಲ್ಲ. ಕತ್ತು, ತೋಳು, ಸೊಂಟದ ಸುತ್ತ ಕೆಂಪು ಕೆಂಪು. ರಕ್ತವೋ ಏನೋ ಎಂದುಕೊಂಡು ಬಾಗಿ ನೋಡಿದೆ. ಅದು ಸೀರೆಯ ಬಣ್ಣ. ಹಬ್ಬದ ದಿನ ಉಟ್ಟು ಹೂ ಕೀಳಲು ಹೋಗಿದ್ದಾಳೆ, ಇಬ್ಬನಿಗೆ ನೆನೆದು ಬಣ್ಣ ಬಿಟ್ಟಿದೆ. ಒಂದು ಸಲ ಒಗೆದಿದ್ದಕ್ಕೆ ಗಂಜಿಯೆಲ್ಲ ಹೋಗಿ ಸೀರೆ ಸೊಳ್ಳೆಪರದೆಯಾಗಿತ್ತು.

"ಅರಿಸ್ನ ಮುಟ್ಸ್ಬುಟ್ಟಿವ್ನಿ ಕಣವ್ವ, ಮೂರ್ಕೂವ. ವಾಪಸ್ ತಕೊ ಅಂತ ಕೇಳಕ್ಕ ನಂಗ ಬಾಯಿಲ್ಲ" ಎಂದಳು. "ದುಡ್ಡು ಬ್ಯಾಡ. ನಿಮ್ಮಪ್ಪ ಕೊಡ್ತಿದ್ರಲ್ಲ, ಅಂತಾದು ಒಂದು ನೂಲಿನ ಸೀರ ಕೊಡು. ಇವು ಮೂರ್ನೂ ನೀನೇ ಮಡಿಕ."

ನನ್ನ ತಲೆಯ ಮೇಲೆ ರಟ್ಟಿನ ಹಲಗೆ ತೂಗುತ್ತಿತ್ತು. ಅರಿಶಿನ ಮುಟ್ಟಿದ ಬಟ್ಟೆಯನ್ನು ಯಾವ ಜವಳಿಯವನೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಅದು ಅಪ್ಪನ ಅಂಗಡಿಯಲ್ಲೂ ನಿಯಮವೇ. ಇವಳೊಬ್ಬಳಿಂದ ಈಸಿಕೊಂಡರೆ ನಾಳೆ ಎಲ್ಲರೂ ಬರುತ್ತಾರೆ. ಅಪ್ಪ ಒಂದೇ ಒಂದು ದೀಪಾವಳಿಯನ್ನು ನನ್ನ ಕೈಗೆ ಕೊಟ್ಟಿದ್ದರು, ಇದಕ್ಕೆ ಹೂಂ ಎಂದರೆ ಅಂಗಡಿ ನನ್ನ ಕೈ ತಪ್ಪುತ್ತದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅಜ್ಜಿ ಬೈದಿದ್ದರೆ ನಾನೂ ಜಗಳ ಆಡುತ್ತಿದ್ದೆ, ಜಗಳದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಅವಳು ಬೈಯಲಿಲ್ಲ. ತಪ್ಪು ತನ್ನದು ಎಂಬಂತೆ ಬಣ್ಣ ಹತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ನನಗೆ ಬಹಳ ನಾಚಿಕೆಯಾಯಿತು. ಮೆಟ್ಟಿಲಿಳಿದು ಕವರು ಈಸಿಕೊಂಡೆ. ಬೀರು ತೆಗೆದು ಇದ್ದುದರಲ್ಲಿ ಒಳ್ಳೆಯ ನೂಲಿನ ಸೀರೆ ತಂದು ಎರಡೂ ಕೈಯಲ್ಲಿ ಕೊಟ್ಟೆ.

ಮಾರನೆಯ ದಿನದಿಂದ ಹೆಂಗಸರು ಬರತೊಡಗಿದರು. ಸೇಲಿಗೆ ನುಗ್ಗಿದಂತಲ್ಲ, ಒಬ್ಬೊಬ್ಬರೇ, ಮುಜುಗರದಿಂದ. ಕೆಲವರು ಉಟ್ಟಿದ್ದನ್ನು ತಂದರು, ಕೆಲವರು ಮೂರೂ ಹಾಗೇ ಮಡಿಸಿದ್ದನ್ನು. ಎಲ್ಲದರ ಮೂಲೆಯಲ್ಲೂ ಹಳದಿ ಬೊಟ್ಟು. ಉಡದೆ ಇದ್ದ ಸೀರೆಗಳನ್ನಾದರೂ ಕಳಿಸೋಣ ಎಂದು ಏಜೆಂಟಿಗೆ ಫೋನು ಮಾಡಿದೆ. "ಮಂಜಳ್ ಇರೋದು ಆಗಾದಿಲ್ಲಮ್ಮ. ಒಂದು ಪೊಟ್ಟು ಇದ್ರೂ ಮುದಲಾಳಿ ಒಪ್ಪಲ್ಲ" ಎಂದು ತನ್ನ ತಮಿಳುಗನ್ನಡದಲ್ಲಿ ಯಜಮಾನನ ಮೇಲೆ ಹಾಕಿದ. ಅರಿಶಿನವನ್ನು ಕೊಳೆ ಎಂದು ಕರೆದವನ ಮೇಲೆ ನನಗೆ ವಿಪರೀತ ಕೋಪ ಬಂತು, ಆದರೆ ಅವನು ಮೊದಲೇ ಹೇಳಿದ್ದ. ಮೂರು ದಿನದಲ್ಲಿ ಬಿಳಿ ಹಾಸಿಗೆಯ ಅರ್ಧ ಕಾಣದಂತೆ ಸೀರೆಗಳು ಬಿದ್ದವು, ಬೀರುವಿನಲ್ಲಿ ನೂಲಿನ ಸೀರೆಗಳು ಕರಗಿದವು.

ಅಪ್ಪ ಪುಣಜನೂರಿನಿಂದ ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು ಆ ರಾಶಿಯ ಮುಂದೆ ಕೂತರು. ಒಂದೊಂದೇ ಸೀರೆ ಎತ್ತಿ ಮೂಲೆ ಹುಡುಕಿ, ಅರಿಶಿನದ ಮೇಲೆ ಬೆರಳಾಡಿಸಿ ಪಕ್ಕಕ್ಕಿಟ್ಟರು.

"ಎಲ್ಲ ನೀನೇ ಈಸ್ಕಂಡ್ಯ?"

"ಹೂಂ."

"ಯಾರ್ನ ಕೇಳ್ದೆ?"

"ಯಾರ್ನೂ ಇಲ್ಲ."

ಅವರು ಕೈಯಲ್ಲಿದ್ದ ಸೀರೆಯನ್ನು ಮಡಿಸಿಟ್ಟರು. ಊಟಕ್ಕೆ ಎದ್ದರು. ಬೈದಿದ್ದರೆ ಚೆನ್ನಾಗಿತ್ತು, ಬೈಗುಳವಾದರೆ ಮುಗಿದು ಹೋಗುತ್ತದೆ. ಮಾರನೆಯ ಬೆಳಿಗ್ಗೆ ಅವರೇ ಏಣಿ ಹಾಕಿ ಫ್ಲೆಕ್ಸ್ ಬಿಚ್ಚಿದರು. ಅವ್ವ ಅದನ್ನು ಸೌದೆಯ ಮೇಲೆ ಹೊದಿಸಿದಳು. ಹಿತ್ತಲಿಗೆ ಹೋದಾಗಲೆಲ್ಲ ಭಾರಿ ಕೊಡುಗೆ ಎಂಬ ಅಕ್ಷರಗಳು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು.

ಆ ರಾಶಿಯನ್ನು ಏನು ಮಾಡುವುದು? ಇದೊಂದು ಮನೆಯ ಸಮಸ್ಯೆಯಾಯಿತು. ದಾನ ಮಾಡೋಣವೆಂದರೆ ಇನ್ನೊಬ್ಬರ ಮನೆಯ ಅರಿಶಿನ ಹತ್ತಿದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ. ಸುಡೋಣವೆಂದರೆ ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು: "ಅರಿಸ್ನ ಕಂಡ ಬಟ್ಟ ಬೆಂಕಿಗ ಆಕ್ತಾರ? ಮುತ್ತೈದೇರ ಮನೇದು ಕಣಮ್ಮಿ!" ಕೊನೆಗೆ ಅವಳೇ ಒಂದೊಂದು ಪ್ರಯೋಗ ಮಾಡಿದಳು. ಮಸಿಬಟ್ಟೆ ಮಾಡಿದಳು, ಅದು ನೀರು ಹೀರಲಿಲ್ಲ, ಒಲೆಯ ಮೇಲಿನ ಪಾತ್ರೆ ಹಿಡಿದರೆ ಕರಗಿ ಬೆರಳಿಗೆ ಅಂಟಿತು. ಬತ್ತಿ ಹೊಸೆದಳು, ಅದು ದೀಪದಲ್ಲಿ ಸುರುಟಿ ಕಪ್ಪು ಹೊಗೆ ಬಿಟ್ಟಿತು. ಹೊದಿಕೆ ಹೊಲಿದಳು, ಒಳಗೆ ಮಲಗಿದವರಿಗೆ ಬೆವರೋ ಬೆವರು. "ಉಡಕ್ಕೂ ಆಗದು, ಒರ್ಸಕ್ಕೂ ಆಗದು, ಉರ್ಸಕ್ಕೂ ಆಗದು. ಇದೆಂತಾ ಬಟ್ಟ ತಂದ್ಯೆ ನೀನು?" ಎಂದು ಸೂಜಿ ಬಿಸಾಡಿದಳು. ನಮ್ಮ ಜೀವನದಲ್ಲಿ ಮೊದಲ ಸಲ, ಹಳೆಯದಾಗಲು ಬಾರದ ಬಟ್ಟೆಯೊಂದು ಮನೆಗೆ ಬಂದಿತ್ತು.

ಎಲ್ಲವನ್ನೂ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆವು. ಎಷ್ಟೋ ವರ್ಷದ ಮೇಲೆ, ರಸ್ತೆಗಾಗಿ ಅಂಗಡಿ ಕೆಡವುವ ಹಿಂದಿನ ದಿನ ಆ ಗಂಟುಗಳನ್ನು ಇಳಿಸಿದಾಗ ಪಕ್ಕದಲ್ಲಿದ್ದ ನ್ಯೂಸ್ ಪೇಪರು ಪುಡಿಯಾಗಿತ್ತು, ದಾರವನ್ನು ಇಲಿ ತಿಂದಿತ್ತು. ಸೀರೆಗಳ ಒಂದು ಎಳೆಯೂ ಕೊಳೆತಿರಲಿಲ್ಲ.

ಕವರುಗಳ ಕಥೆ ಬೇರೆ. ಸೇಲು ಮುಗಿದ ಆ ಕಾರ್ತೀಕದಲ್ಲೇ ಒಂದು ಶನಿವಾರ ಅಪ್ಪನೂ ನಾನೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಬೆಟ್ಟದ ಬುಡದ ರಸ್ತೆಯಲ್ಲಿ ಅಪ್ಪ ಜನ ತುಂಬಿದ ಜೀಪನ್ನು ನಿಲ್ಲಿಸಿ ಕೆಳಗಿಳಿದರು. ಲಂಟಾನ ಪೊದೆಗಳ ಮುಳ್ಳಿಗೆ ಸಿಕ್ಕಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು ನಮ್ಮ ಅಂಗಡಿಯ ಕವರುಗಳು, ಕೆಂಪಕ್ಷರದಲ್ಲಿ ತಾತನ ಹೆಸರು. ಒಂದನ್ನು ಯಾವುದೋ ಪ್ರಾಣಿ ಅಗಿದು ಉಗಿದಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿ, ಮುಳ್ಳು ತರಚಿದರೂ ಬಿಡದೆ ಒಂದೊಂದೇ ಬಿಡಿಸತೊಡಗಿದರು. ನಾನೂ ಇಳಿದೆ. ಜೀಪಿನವರು ಹಾರನ್ ಹೊಡೆದು ನಮ್ಮನ್ನು ಬಿಟ್ಟೇ ಹೋದರು. ಆ ದಿನ ನಮಗೆ ದೇವರ ದರ್ಶನವಾಗಲಿಲ್ಲ. ಅಪ್ಪ ತಮ್ಮಪ್ಪನ ಹೆಸರನ್ನು ಮಡಿಸಿ ಮಡಿಸಿ ಜೇಬಿಗೆ ತುಂಬಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಮುಂದಿನ ವರ್ಷ ಆಷಾಢದಲ್ಲಿ ಚಾಮರಾಜನಗರದ ಒಂದು ಛತ್ರದಲ್ಲಿ ಜವಳಿ ಅಂಗಡಿಯವರೆಲ್ಲ ಸೇರಿದ್ದರು. ಅಪ್ಪನ ಬದಲು ನಾನು ಹೋದೆ, ಎದ್ದು ನಿಂತು ಮಾತಾಡಿಯೂ ಬಿಟ್ಟೆ. ಹಬ್ಬದ ಸೇಲು ಕಡಿಮೆ ಮಾಡೋಣ, ಒಂದಕ್ಕೆ ಮೂರು ಬೇಡ, ಒಗೆದರೆ ಬಾಳದ ಮಾಲು ಬೇಡ, ಕವರು ಬೇಡ ಎಂದೆ. ಮೊದಲು ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕರು. ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ, "ಜನ ಬ್ಯಾಡ ಅನ್ಲಿ ಕಣಮ್ಮ, ನಾವ್ ನಿಲ್ಲಿಸ್ತೀವಿ" ಎಂದರು. "ಬ್ಯಾಡ ಅನ್ನಕ್ಕೆ ನಾವು ಬುಡ್ಬೇಕಲ್ಲ" ಎಂದೆ. "ಅಂಗಾದ್ರೆ ನೀನು ಬುಡು ಮೊದ್ಲು" ಎಂದು ಹಿಂದಿನಿಂದ ಯಾರೋ ಕೂಗಿದರು. ಕಾಫಿ ಕೊಟ್ಟು ಕಳಿಸಿದರು.

ಇನ್ನು ಇದನ್ನೂ ಬರೆಯದಿದ್ದರೆ ಸುಳ್ಳು ಹೇಳಿದಂತಾಗುತ್ತದೆ. ಆ ಸಭೆಯಿಂದ ಹೊರಟು ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಸಿಕ್ಕಿತು. ಆಷಾಢದ ಸೇಲು. ಸುಮ್ಮನೆ ನೋಡಿ ಬರೋಣ ಎಂದು ಒಳಗೆ ಹೋದವಳು ಎರಡು ಚೂಡಿದಾರ್ ಹಿಡಿದುಕೊಂಡು ಹೊರಗೆ ಬಂದೆ. ಮನೆಯಲ್ಲಿ ನನಗೆ ಆರು ಇದ್ದವು. ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು ಹತ್ತಿದಾಗ ಕವರನ್ನು ಸೀಟಿನ ಕೆಳಗೆ ತಳ್ಳಿದೆ. ಛತ್ರದಲ್ಲಿ ನಕ್ಕವರಿಗೆ ನನ್ನ ಗುಟ್ಟು ಮೊದಲೇ ಗೊತ್ತಿತ್ತೋ ಏನೋ. ಬೇಕು ಎನ್ನುವುದು ಎಷ್ಟು ಜೋರಾಗಿ ಎಳೆಯುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ಬಸ್ಸಿನಲ್ಲಿ, ಭಾಷಣ ಮಾಡುವಾಗ ಅಲ್ಲ.

ಇಷ್ಟಾದರೂ ಅಪ್ಪ ಅಂಗಡಿಯ ವಿಷಯ ಎತ್ತಿರಲಿಲ್ಲ. ನಾನು ಬೆಳಿಗ್ಗೆ ಹೋಗಿ ಗುಡಿಸುತ್ತಿದ್ದೆ, ಅಳೆಯುತ್ತಿದ್ದೆ, ಹರಿಯುವುದನ್ನೂ ಕಲಿತೆ. ಹಾರ್ಡ್‌ವೇರಿನವರು ಮತ್ತೆ ಬಂದು ನಮ್ಮ ಗೋಡೆಗೆ ಟೇಪು ಹಿಡಿದು ನೋಡಿ ಹೋದರು. ಅಪ್ಪ ಅವರಿಗೂ ಕಾಫಿ ತರಿಸಿದರು. ನನ್ನ ಹಣೆಬರಹ ಬರೆದಾಗಿದೆ, ಓದಿ ಹೇಳುವುದೊಂದು ಬಾಕಿ ಎಂದುಕೊಂಡೆ. ಕೇಳಲು ಧೈರ್ಯ ಬರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಸೂರತ್ತಿನ ಕಡೆಯ ಮಾಲು ಹಿಡಿದು ಹೊಸ ಏಜೆಂಟೊಬ್ಬ ಬಂದ. ದೀಪಾವಳಿಗೆ ಈಗಲೇ ಬುಕ್ ಮಾಡಿದರೆ ಒಂದಕ್ಕೆ ನಾಲ್ಕು ಕೊಡಬಹುದು, ಫ್ಲೆಕ್ಸು ಕವರು ಕಂಪನಿಯದೇ ಎಂದು ಅಪ್ಪನ ಮುಂದೆ ಕೂತು ಒಂದೇ ಉಸಿರಿಗೆ ಹೇಳಿದ. ನಾನು ಬೀರುವಿನ ಹತ್ತಿರ ಪಂಚೆ ಮಡಿಸುತ್ತಿದ್ದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ಕೈ ತೋರಿಸಿದರು.

"ನನ್ನ ಯಾಕ್ ಕೇಳೀರಿ? ಅಂಗ್ಡಿ ಇವಳ್ದು. ನಾನು ಓದ್ ಕಾರ್ತೀಕ್ದಲ್ಲೇ ಬುಟ್ಕೊಟ್ಟಿವ್ನಿ. ನನ್ ಕೇಳ್ದೆ ಅಷ್ಟೂ ಸೀರ ವಾಪಸ್ ಈಸ್ಕಂಡ್ಳಲ್ಲ, ಅವತ್ತೇ."

ಇಂದು ಬಿಸಿಲು ಜಾಸ್ತಿ ಎಂದು ಹೇಳಿದಷ್ಟೇ ಸಲೀಸಾಗಿ ಹೇಳಿದರು. ನನ್ನ ಕೈಯಲ್ಲಿದ್ದ ಪಂಚೆಯ ಮಡಿಕೆ ಬಿಚ್ಚಿಹೋಯಿತು. ಒಂಬತ್ತು ತಿಂಗಳಿಂದ ನಾನು ಕಾಯುತ್ತಿದ್ದ ಮಾತು, ಒಂಬತ್ತು ತಿಂಗಳ ಹಿಂದೆಯೇ ಆಗಿಹೋಗಿತ್ತು. ಒಂದು ನಿಮಿಷ ಉಸಿರೆಳೆದುಕೊಳ್ಳಲೂ ಬಿಡದೆ ಏಜೆಂಟು ನನ್ನ ಕಡೆ ತಿರುಗಿ, ಬ್ಯಾಗಿನಿಂದ ಒಂದು ಸೀರೆ ತೆಗೆದು ಝಗ್ಗನೆ ಹರಡಿದ. ಎಳೆ ವೀಳ್ಯದೆಲೆಯ ಹಸಿರು, ಅದರ ಮೇಲೆ ಸಣ್ಣ ಸಣ್ಣ ಬಿಳಿ ಹೂ. ಎಷ್ಟು ಚೆನ್ನಾಗಿತ್ತು! ಅಂಥ ಹಸಿರನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ 'ಹೂಂ' ನಾಲಗೆಯ ತುದಿಗೆ ಬಂದಿತ್ತು. ಇದೊಂದೇ ಒಂದು ಡಿಸೈನು, ಸ್ವಲ್ಪವೇ ತರಿಸೋಣ, ಈ ಸಲ ಬಣ್ಣ ಗಟ್ಟಿ ಇರಬಹುದು ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು. ಅಪ್ಪ ನನಗೆ ಸಹಾಯಕ್ಕೆ ಬರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ನಾನು ಸೀರೆಯ ಒಂದು ಮೂಲೆ ಹಿಡಿದು ನೋಡಿದೆ. ಮಡಿಸಿ ಅವನ ಕೈಗೆ ಕೊಟ್ಟೆ.

"ಬ್ಯಾಡ" ಎಂದೆ.

"ಅಕ್ಕ, ಚಾಮರಾಜನಗರದವರು ಆಗಲೇ ನೂರಾರು ಪೀಸು ತಗೊಂಡಾಯ್ತು" ಎಂದ.

"ತಕೊಳ್ಳಲಿ. ನಮ್ಗ ಬ್ಯಾಡ."

ಅವನು ಬ್ಯಾಗು ಕಟ್ಟಿಕೊಂಡು ಮೆಟ್ಟಿಲಿಳಿದು ಹೋದ. ಅವನು ಹತ್ತಿದ ಬಸ್ಸು ಹೊರಡುವ ತನಕ ತಡೆದುಕೊಂಡಿದ್ದೆ. ಆಮೇಲೆ ಬೀರುವಿನ ಬಾಗಿಲು ತೆಗೆದು, ಮುಖ ಕಾಣದಂತೆ ಅದರೊಳಗೆ ತಲೆ ತೂರಿಸಿ, ಚೆನ್ನಾಗಿ ಅತ್ತುಬಿಟ್ಟೆ. ಅಂಗಡಿ ನನ್ನದಾಯಿತಲ್ಲ ಎಂದು ಅತ್ತೆ. ನಿಜ ಹೇಳುತ್ತೇನೆ, ಆ ಹಸಿರು ಸೀರೆಗಾಗಿಯೂ ಸ್ವಲ್ಪ ಅತ್ತೆ.